ಕಾರ್ಮೆಲ್ ಬೆಟ್ಟ ಹತ್ತಿದ ಮೈಸೂರಿನ ಸವಾರರು

ಪ್ರತಿ ವರ್ಷ ಸೆಪ್ಟೆಂಬರ್ 23 ಬಂತೆಂದರೆ ವಾಟ್ಸಾಪಿನಲ್ಲಿ ಹೈಫಾ ಯುದ್ಧದ, ಅಂದರೆ ಈಗಿನ ಇಸ್ರೇಲಿನ ಬಂದರು ಊರು ಹೈಫಾದಲ್ಲಿ 1918ರಲ್ಲಿ ನಡೆದ ಕಾಳಗದ, ಸಂದೇಶಗಳು ಓಡಾಡಲು ಶುರುವಾಗುತ್ತವೆ. ಜಗತ್ತಿನ ಕಟ್ಟಕಡೆಯ ಅಶ್ವದಳದ ದಾಳಿ ಅಂತ ಒಂದು. ಬರೀ ಭರ್ಜಿ ಹಿಡಿದು ಮೆಷಿನ್ ಗನ್ನುಗಳನ್ನು ಗೆದ್ದವರು ಅಂತ ಇನ್ನೊಂದು. ಇಸ್ರೇಲಿಗೆ ಸ್ವಾತಂತ್ರ್ಯ ತಂದುಕೊಟ್ಟವರು ಅಂತ ಮತ್ತೊಂದು. ಕೆಳಗೆ ದೆಹಲಿಯ ತೀನ್ ಮೂರ್ತಿ ವೃತ್ತದ ಫೋಟೊ. ಆ ಮೂರು ಕಂಚಿನ ಪ್ರತಿಮೆಗಳಲ್ಲಿ ಒಂದು ಹೈದರಾಬಾದಿನ ಸವಾರನದು, ಒಂದು ಜೋಧಪುರದವನದು, ಇನ್ನೊಂದು ಮೈಸೂರಿನವನದು. ಪ್ರವಾಸಕ್ಕೆ ಹೋದ ನಮ್ಮೂರಿನವರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಮೂವರಲ್ಲಿ ಒಬ್ಬ ನಮ್ಮವನು ಅನ್ನುವುದು ಎಷ್ಟು ಜನಕ್ಕೆ ಗೊತ್ತೋ!

ಆ ಸಂದೇಶಗಳಲ್ಲಿ ಮೊದಲನೆಯದು ತಪ್ಪು. ಹೈಫಾ ಮುಗಿದ ತಿಂಗಳೊಪ್ಪತ್ತಿನಲ್ಲೇ ಅದೇ ಸವಾರರು ಸಿರಿಯಾದ ಅಲೆಪ್ಪೊ ಊರಿನಾಚೆ ಮತ್ತೊಮ್ಮೆ ಕುದುರೆ ಏರಿ ನುಗ್ಗಿದರು. 1942ರಷ್ಟು ಈಚೆಗೂ ರಷ್ಯಾದ ಬಯಲಿನಲ್ಲಿ ಇಟಲಿಯ ಅಶ್ವದಳ ಕತ್ತಿ ಹಿರಿದು ದಾಳಿ ಮಾಡಿದ್ದುಂಟು. ಎರಡನೆಯದು ಅರೆಸತ್ಯ, ಅದಕ್ಕೆ ಆಮೇಲೆ ಬರೋಣ. ಮೂರನೆಯದಕ್ಕೆ ಬುಡವೇ ಇಲ್ಲ. 1918ರಲ್ಲಿ ಇಸ್ರೇಲ್ ಅನ್ನುವ ದೇಶ ಇರಲಿಲ್ಲ, ಅದು ಹುಟ್ಟಿದ್ದು 1948ರಲ್ಲಿ. ಆಗ ಅಲ್ಲಿ ಇದ್ದದ್ದು ಆಟೊಮನ್ ತುರ್ಕರ ಆಳ್ವಿಕೆ. ಅದನ್ನು ಕಿತ್ತುಕೊಂಡವರು ಬ್ರಿಟಿಷರು, ಅವರ ಪರವಾಗಿ ಕಾದಾಡಲು ಹೋದವರಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ಭರ್ಜಿ ಸವಾರರ ಪಡೆಯವರೂ ಇದ್ದರು.

ಈ ಉಬ್ಬಿಸಿದ ಮಾತುಗಳ ಗದ್ದಲದಲ್ಲಿ ಕೇಳಬೇಕಾದ ಪ್ರಶ್ನೆಗಳು ಹಾಗೇ ಉಳಿದುಬಿಡುತ್ತವೆ. ಈ ಸವಾರರು ಯಾರು? ಯಾರ ಸೈನಿಕರು? ಅವರ ಎದೆಯ ಮೇಲಿದ್ದ ಪದಕಗಳ ಅರ್ಥವೇನು? ಎದೆ ತುಂಬ ಪದಕ ಹೊತ್ತು ಬಂದವರನ್ನು ಅವರ ಸ್ವಂತ ಸಂಸ್ಥಾನವೇ ಹೇಗೆ ಮರೆಯಿತು? ಅವರ ಶೌರ್ಯದಲ್ಲಿ ಕೊರತೆ ಇತ್ತೆಂದು ಮರೆತದ್ದಲ್ಲ. ಅವರಿಗೆ ಯಜಮಾನರು ಒಬ್ಬರಿಗಿಂತ ಹೆಚ್ಚು ಇದ್ದರು, ಆ ಯಜಮಾನರಲ್ಲಿ ಯಾರೂ ಕೊನೆಗೆ 'ಇವರು ನಮ್ಮವರು' ಅಂತ ಪೂರ್ತಿ ಒಪ್ಪಿಕೊಳ್ಳಲಿಲ್ಲ.

ಯಾರ ಉಪ್ಪು, ಯಾರ ಯುದ್ಧ

ಮೈಸೂರು ಸೀಮೆಗೆ ಕುದುರೆ ಸೈನ್ಯ ಹೊಸದಲ್ಲ. ಹೈದರಾಲಿಯ ಬಲವೇ ಅದರಲ್ಲಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಸಿಲ್ಲೇದಾರ್ ಕುದುರೆ ಪಡೆ ಉಳಿಯಿತು. ಸಿಲ್ಲೇದಾರ ಅಂದರೆ ಕುದುರೆ, ಆಯುಧ ಎಲ್ಲ ತನ್ನದೇ ತಂದು ಚಾಕರಿಗೆ ನಿಲ್ಲುವವನು. ಸರ್ಕಾರ ಸಂಬಳ ಕೊಟ್ಟರೆ ಸಾಕು. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಜೊತೆ ಈ ಮೈಸೂರು ಕುದುರೆಗಳು ದಖ್ಖನ್ ಪೂರ್ತಿ ಸುತ್ತಿದವು. ಹೀಗೆ ಕಂಪನಿಯ ಯುದ್ಧಕ್ಕೆ ಮೈಸೂರಿನ ಸವಾರ ಹೋಗುವ ರೂಢಿ ಮೊದಲ ಮಹಾಯುದ್ಧಕ್ಕಿಂತ ನೂರಹತ್ತು ವರ್ಷ ಹಳೆಯದು.

1885ರಲ್ಲಿ ಅಫ್ಘಾನಿಸ್ತಾನದ ಗಡಿಯ ಪಂಜ್ದೆಯಲ್ಲಿ ರಷ್ಯನ್ನರು ಮುಂದೆ ಬಂದಾಗ ಬ್ರಿಟಿಷರಿಗೆ ಗಾಬರಿ ಹತ್ತಿತು. ಆ ಭಯದ ಬೆನ್ನಲ್ಲೇ 1889ರ ಹೊತ್ತಿಗೆ ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್ ಅನ್ನುವ ಏರ್ಪಾಡು ಜಾರಿಗೆ ಬಂತು. ಲೆಕ್ಕ ಸರಳ. ಸಂಸ್ಥಾನಗಳ ರಾಜರು ತಮ್ಮ ಖರ್ಚಿನಲ್ಲಿ ಆಯ್ದ ತುಕಡಿಗಳನ್ನು ಸಾಕಬೇಕು, ಅಧಿಕಾರಿಗಳು ಸಂಸ್ಥಾನದವರೇ ಇರಬೇಕು. ಬ್ರಿಟಿಷ್ ಅಧಿಕಾರಿಗಳು ಆಗಾಗ ಬಂದು ಕವಾಯತು, ಆಯುಧ, ಶಿಸ್ತು ನೋಡಿ ಸಲಹೆ ಕೊಡುತ್ತಾರೆ. ಯುದ್ಧ ಬಂದರೆ ಆ ತುಕಡಿ ಚಕ್ರವರ್ತಿಯ ಸೇವೆಗೆ. ಮೈಸೂರು ಇದಕ್ಕಾಗಿ ತನ್ನ ಹಳೆಯ ಸಿಲ್ಲೇದಾರ್ ಪಡೆಯನ್ನು ಹೊಸದಾಗಿ ಕಟ್ಟಿತು. ಒಂದು ಪಡೆ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಎಂದಾಗಿ ಬೆಂಗಳೂರಿನಲ್ಲಿ ನೆಲೆ ನಿಂತಿತು. ಇನ್ನೊಂದು, ಅರಮನೆಯ ಮತ್ತು ಊರ ಕೆಲಸದ ಸ್ಥಳೀಯ ತುಕಡಿ, ಮೈಸೂರಿನಲ್ಲಿ ಉಳಿಯಿತು.

ಇಲ್ಲೇ ಮುಂದಿನ ಮರೆವಿನ ಬೀಜ ಬಿತ್ತು. ಸವಾರನಿಗೆ ಸಂಬಳ ಕೊಡುವವರು ಮಹಾರಾಜರು. ಹೋರಾಡುವ ಆಜ್ಞೆ ಕೊಡುವವರು ಬ್ರಿಟಿಷ್ ಜನರಲ್. ಆದರೂ ಅವನು ಬ್ರಿಟಿಷ್ ಇಂಡಿಯನ್ ಆರ್ಮಿಯ ಸಿಪಾಯಿ ಅಲ್ಲ, ಅವನ ಸೇವಾ ಪುಸ್ತಕ ಸಂಸ್ಥಾನದ ದಫ್ತರದಲ್ಲಿ. ಸತ್ತರೆ ಅವನ ಹೆಸರು ಒಂದು ಕಡೆ ದಾಖಲಾಗುತ್ತದೆ, ಪದಕ ಬಂದರೆ ಇನ್ನೊಂದು ಕಡೆ, ಪಿಂಚಣಿಯ ಲೆಕ್ಕ ಮತ್ತೊಂದು ಕಡೆ.

ಪಡೆಯಲ್ಲಿ ಇದ್ದವರೂ ಒಂದೇ ಜಾತಿ ಮತದವರಲ್ಲ. ದಖ್ಖನಿ ಮುಸ್ಲಿಮರು, ಮರಾಠರು, ಅರಸು ಮನೆತನದವರು, ಹೀಗೆ ತಲೆಮಾರುಗಳಿಂದ ಕುದುರೆ ಚಾಕರಿಯಲ್ಲಿದ್ದ ಮನೆಗಳ ಮಕ್ಕಳು. ಅವರಲ್ಲಿ ಮುಸ್ಲಿಂ ಸವಾರನ ಪಾಡನ್ನು ಸ್ವಲ್ಪ ಯೋಚಿಸಿ. ಎದುರಿಗಿದ್ದ ತುರ್ಕಿಯ ಸುಲ್ತಾನನೇ ಖಲೀಫ, ಅಂದರೆ ಮುಸ್ಲಿಮರ ಧಾರ್ಮಿಕ ಮುಖ್ಯಸ್ಥ. ಮೈಸೂರಿನ ಮಹಾರಾಜರ ಉಪ್ಪು ತಿಂದ ಋಣ ಒಂದು ಕಡೆ, ಖಲೀಫನ ಸೈನ್ಯದ ಮೇಲೆ ಭರ್ಜಿ ಎತ್ತುವ ಸಂಕಟ ಇನ್ನೊಂದು ಕಡೆ. ವಾಟ್ಸಾಪಿನ ವೀರಗಾಥೆಗಳಲ್ಲಿ ಈ ಸಂಕಟಕ್ಕೆ ಜಾಗವೇ ಇಲ್ಲ.

1914ರ ಆಗಸ್ಟಿನಲ್ಲಿ ಯುದ್ಧ ಹತ್ತಿಕೊಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ಖರ್ಚಿಗೆ 50 ಲಕ್ಷ ರೂಪಾಯಿ ಕೊಟ್ಟರು. ಕನ್ನಂಬಾಡಿ ಕಟ್ಟೆಯ ಕೆಲಸ ಆಗಷ್ಟೇ ನಡೆಯುತ್ತಿತ್ತು, ಒಂದೊಂದು ರೂಪಾಯಿಗೂ ಲೆಕ್ಕ ಇಡುವ ವಿಶ್ವೇಶ್ವರಯ್ಯನವರು ದಿವಾನರು. ಅಂಥ ಕಾಲದ 50 ಲಕ್ಷ. ಹಣದ ಹಿಂದೆಯೇ ಲ್ಯಾನ್ಸರ್ಸ್ ಪಡೆ ಹಡಗು ಹತ್ತಿತು.

ಕಾಲುವೆಯಿಂದ ಬೆಟ್ಟದ ತನಕ

ಆ ವರ್ಷದ ಕೊನೆಗೆ ಅವರು ಈಜಿಪ್ಟ್ ತಲುಪಿದರು. ಹೈದರಾಬಾದ್, ಪಟಿಯಾಲ ಮುಂತಾದ ಸಂಸ್ಥಾನಗಳ ಸವಾರರ ಜೊತೆ ಸೇರಿ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಆಯಿತು. ಮುಂದೆ ಅದಕ್ಕೆ 15 ಎಂಬ ಸಂಖ್ಯೆ ಬಂತು. ಮೊದಲ ವರ್ಷಗಳ ಕೆಲಸ ಸೂಯೆಜ್ ಕಾಲುವೆಯ ಕಾವಲು. 1915ರ ಫೆಬ್ರುವರಿಯಲ್ಲಿ ತುರ್ಕರು ಮರುಭೂಮಿ ದಾಟಿ ಬಂದು ಕಾಲುವೆಯ ಮೇಲೆ ದಾಳಿ ಮಾಡಿ ಸೋತರು. ಆಮೇಲೆ ಬಹುತೇಕ ಮರಳು, ಗಸ್ತು, ನೊಣ, ಕಾಯುವಿಕೆ. ಯುದ್ಧ ಅಂದರೆ ದಿನವೂ ದಾಳಿ ಅಂದುಕೊಳ್ಳುವವರಿಗೆ ಇದು ನೀರಸ ಅನ್ನಿಸೀತು. ಆದರೆ ಸವಾರನ ಬದುಕಿನ ಬಹುಪಾಲು ಹೀಗೇ ಕಳೆಯಿತು: ಬೆಳಗ್ಗೆದ್ದು ಕುದುರೆಗೆ ನೀರು, ಮಾಲೀಶು, ಲಾಳದ ತಪಾಸಣೆ, ತಡಿ ಉಜ್ಜಿದ ಗಾಯಕ್ಕೆ ಮದ್ದು.

1918ರ ಬೇಸಿಗೆ ಇನ್ನೂ ಕಷ್ಟದ್ದು. ಬ್ರಿಗೇಡನ್ನು ಜೋರ್ಡಾನ್ ಕಣಿವೆಗೆ ಕಳಿಸಿದರು. ಸಮುದ್ರ ಮಟ್ಟಕ್ಕಿಂತ ಮುನ್ನೂರು ನಾನೂರು ಮೀಟರ್ ಕೆಳಗಿರುವ ಜಾಗ. ಉಸಿರು ಕಟ್ಟುವ ಧಗೆ, ಮೊಣಕಾಲುದ್ದ ಪುಡಿಮಣ್ಣು, ಸಾಲದ್ದಕ್ಕೆ ಮಲೇರಿಯಾ. ಆ ಹೊತ್ತಿಗೆ ಫ್ರಾನ್ಸಿನಿಂದ ಬಂದ ಜೋಧಪುರದ ಸವಾರರು ಬ್ರಿಗೇಡಿಗೆ ಸೇರಿದ್ದರು. ಜುಲೈ 14ರಂದು ನದಿಯ ಆಚೆಬದಿ ತುರ್ಕಿಯ ಅಶ್ವದಳದ ಮೇಲೆ ಜೋಧಪುರ ಮತ್ತು ಮೈಸೂರಿನವರು ಒಟ್ಟಿಗೆ ನುಗ್ಗಿದರು. ಭರ್ಜಿಯಿಂದ ಇನ್ನೂ ಕೆಲಸವಾಗುತ್ತದೆ ಅನ್ನುವ ಭರವಸೆ ಮೇಲಿನವರಿಗೆ ಬಂದದ್ದಕ್ಕೆ ಅದೂ ಒಂದು ಕಾರಣ.

ಸೆಪ್ಟೆಂಬರ್ 19ರಂದು ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್ಬಿಯ ದೊಡ್ಡ ದಾಳಿ ಶುರುವಾಯಿತು. ಕಾಲಾಳುಗಳು ಸಮುದ್ರ ತೀರದ ಕಡೆ ತುರ್ಕರ ಸಾಲಿಗೆ ತೂತು ಕೊರೆದರು, ಆ ತೂತಿನಲ್ಲಿ ಕುದುರೆ ಸೈನ್ಯ ನುಗ್ಗಿ ಶತ್ರುವಿನ ಬೆನ್ನ ಹಿಂದೆ ಹೋಗಿ ನಿಂತಿತು. ಮರುದಿನ ಬೆಳಗಾಗುವಷ್ಟರಲ್ಲಿ ನಜರೆತ್ ಊರಿನಲ್ಲಿ ಬ್ರಿಟಿಷ್ ಸವಾರರಿದ್ದರು. ತುರ್ಕರ ಎರಡು ಸೈನ್ಯಗಳು ಚೆದುರಿಹೋದವು. ಇಷ್ಟು ವೇಗವಾಗಿ ಮುಂದೆ ಹೋದ ಸೈನ್ಯಕ್ಕೆ ಅನ್ನ, ಮೇವು, ಗುಂಡು ತಲುಪಿಸುವುದು ಹೇಗೆ? ಸಮುದ್ರದ ಮೂಲಕ. ಅದಕ್ಕೆ ಬಂದರು ಬೇಕು, ಹತ್ತಿರದ ಒಳ್ಳೆಯ ಬಂದರು ಹೈಫಾ. ಅಲ್ಲಿಗೆ ದಂಡು ಹೋದದ್ದು ಇಷ್ಟಕ್ಕೇ.

ಸೆಪ್ಟೆಂಬರ್ 22ರಂದು ಹೈಫಾ ಖಾಲಿಯಾಗಿದೆ ಅಂದುಕೊಂಡು ಕವಚದ ಮೋಟಾರುಗಳನ್ನು ಕಳಿಸಿದರು. ಗುಂಡಿನ ಸುರಿಮಳೆಗೆ ಸಿಕ್ಕಿ ಅವು ವಾಪಸು ಬಂದವು. ಮರುದಿನ 15ನೇ ಬ್ರಿಗೇಡಿನ ಸರದಿ.

ಈಗ ನೆಲದ ನಕ್ಷೆಯನ್ನು ಮನಸ್ಸಿನಲ್ಲಿ ಹಾಕಿಕೊಳ್ಳಿ. ಪೂರ್ವದಿಂದ ಹೈಫಾಕ್ಕೆ ಒಂದು ರಸ್ತೆ. ರಸ್ತೆಯ ಎಡಕ್ಕೆ ಕಾರ್ಮೆಲ್. ನಮ್ಮ ಚಾಮುಂಡಿ ಬೆಟ್ಟದ ಹಾಗೆ ಬಯಲಿನಲ್ಲಿ ಒಂಟಿಯಾಗಿ ಕೂತದ್ದಲ್ಲ ಇದು, ಕಡಲಿನತ್ತ ಮೂಗು ಚಾಚಿ ಮಲಗಿದ ಉದ್ದನೆಯ ಬೆಟ್ಟಸಾಲು. ಬಲಕ್ಕೆ ಕೀಷೋನ್ ನದಿ, ಅದರ ದಡವೆಲ್ಲ ಜೌಗು. ಬೆಟ್ಟಕ್ಕೂ ನದಿಗೂ ನಡುವಿನ ಇಕ್ಕಟ್ಟಿನಲ್ಲೇ ರಸ್ತೆ ಊರು ಸೇರುತ್ತದೆ. ಆ ಇಕ್ಕಟ್ಟಿಗೆ ತುರ್ಕರ ಮೆಷಿನ್ ಗನ್ನುಗಳು ಗುರಿಯಿಟ್ಟು ಕಾದಿದ್ದವು. ಬೆಟ್ಟದ ಮೇಲೆ ಫಿರಂಗಿಗಳು, ಅವುಗಳಲ್ಲಿ ಒಂದು ಆರಿಂಚಿನ ನೌಕಾ ಫಿರಂಗಿ. ಬೆಟ್ಟದ ಮೇಲಿನ ಫಿರಂಗಿಯ ಬಾಯಿ ಮುಚ್ಚಿಸದೆ ಕೆಳಗಿನ ರಸ್ತೆಯಲ್ಲಿ ಯಾರೇ ಓಡಿದರೂ ಸಾವು ಖಚಿತ.

ಬೆಳಗ್ಗೆ ಹತ್ತರ ಸುಮಾರಿಗೆ ಬ್ರಿಗೇಡಿನ ಮೇಲೆ ಶೆಲ್ ಬೀಳಲು ಶುರುವಾಯಿತು. ಬ್ರಿಗೇಡಿಯರ್ ಹಾರ್ಬರ್ಡ್ ಮೈಸೂರಿನವರನ್ನು ಎರಡು ಕೆಲಸಕ್ಕೆ ಹಂಚಿದ. ಒಂದು ಸ್ಕ್ವಾಡ್ರನ್, ಅಂದರೆ ಪಡೆಯ ಒಂದು ತುಕಡಿ, ಬೆಟ್ಟ ಹತ್ತಿ ಫಿರಂಗಿ ಹಿಡಿಯಬೇಕು. ಉಳಿದವರು ಕೆಳಗೆ ಮೆಷಿನ್ ಗನ್ನುಗಳ ಜೊತೆ ನಿಂತು ಜೋಧಪುರದವರ ದಾಳಿಗೆ ಗುಂಡಿನ ಆಸರೆ ಕೊಡಬೇಕು. ಬೆಟ್ಟದವರ ನೆರವಿಗೆ ಆಮೇಲೆ ಷೆರ್‌ವುಡ್ ರೇಂಜರ್ಸ್ ಅನ್ನುವ ಇಂಗ್ಲಿಷ್ ಪಡೆಯ ಒಂದು ಸ್ಕ್ವಾಡ್ರನ್ ಹೋಯಿತು.

ಬೆಟ್ಟ ಹತ್ತುವುದೆಂದರೆ ಚಿತ್ರಗಳಲ್ಲಿ ಕಾಣುವ ನಾಗಾಲೋಟ ಅಲ್ಲ. ಕಲ್ಲುಗುಂಡುಗಳ ನಡುವೆ ಆಡಿನ ದಾರಿಯಂಥ ಏರು. ಲಾಳ ಜಾರಿ ಕುದುರೆಗಳು ಕುಂಟಾಗತೊಡಗಿದವು. ಕೆಲವರನ್ನು ಹಾಚ್‌ಕಿಸ್ ಎಂಬ ಹಗುರ ಮೆಷಿನ್ ಗನ್ನುಗಳ ಜೊತೆ ದಾರಿಯಲ್ಲೇ ಬಿಡಬೇಕಾಯಿತು. ಮೇಲೆ ತಲುಪುವ ಹೊತ್ತಿಗೆ ತಡಿಯ ಮೇಲೆ ಉಳಿದ ಸವಾರರು ಬೆರಳೆಣಿಕೆಯಷ್ಟು. ಅಷ್ಟೇ ಜನ ಭರ್ಜಿ ಮುಂದೆ ಮಾಡಿ ಫಿರಂಗಿಗಳ ಮೇಲೆ ಬಿದ್ದರು. ಫಿರಂಗಿಗಳೂ ಸಿಕ್ಕವು, ಅವುಗಳ ಜೊತೆಗಿದ್ದವರೂ ಸೆರೆಯಾದರು.

ಕೆಳಗೆ ಮಧ್ಯಾಹ್ನ ಎರಡು ಗಂಟೆಗೆ ಜೋಧಪುರದವರು ಹೊರಟರು. ಮೊದಲು ನದಿ ದಾಟಲು ಹೋದರೆ ಮುಂದೆ ಹೋದ ಕುದುರೆಗಳು ಹುದುಲಿನಲ್ಲಿ ಹೂತುಹೋದವು. ಗುಂಡಿನ ಮಳೆಯಲ್ಲೇ ಎಡಕ್ಕೆ ತಿರುಗಿ, ಬೆಟ್ಟದ ಬುಡದ ಮೆಷಿನ್ ಗನ್ನುಗಳನ್ನು ತುಳಿದು, ಊರಿನೊಳಕ್ಕೆ ನುಗ್ಗಿದರು. ಅವರ ಮುಂದಾಳು ಮೇಜರ್ ದಲ್ಪತ್ ಸಿಂಗ್ ಅಲ್ಲೇ ಬಿದ್ದ. ಅಲ್ಲಿಯ ತನಕ ಆಸರೆಯ ಗುಂಡು ಹಾರಿಸುತ್ತಿದ್ದ ಮೈಸೂರಿನವರು ಕುದುರೆ ಏರಿ ಅವರ ಹಿಂದೆಯೇ ಊರು ಹೊಕ್ಕರು. ದಿನ ಮುಗಿಯುವಷ್ಟರಲ್ಲಿ 1,350 ಸೆರೆಯಾಳು, 17 ಫಿರಂಗಿ, 11 ಮೆಷಿನ್ ಗನ್ ಬ್ರಿಗೇಡಿನ ಕೈಯಲ್ಲಿದ್ದವು. ಬ್ರಿಗೇಡಿನ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83.

ಆ ಕೊನೆಯ ಎರಡು ಅಂಕಿಗಳ ಬಳಿ ಸ್ವಲ್ಪ ನಿಲ್ಲಬೇಕು. ಮೆಷಿನ್ ಗನ್ನಿನ ಎದುರು ಕುದುರೆ ಹೇಗೆ ಗೆದ್ದಿತು ಅನ್ನುವುದಕ್ಕೆ ಉತ್ತರ ಅಲ್ಲಿದೆ. ಗುಂಡು ತಗಲಿದ ಕುದುರೆ ತಕ್ಷಣ ಬೀಳುವುದಿಲ್ಲ. ವೇಗದಲ್ಲಿರುವ ಕುದುರೆ ಎರಡು ಮೂರು ಗುಂಡು ತಿಂದೂ ಗುರಿ ಮುಟ್ಟಿ ಆಮೇಲೆ ಸತ್ತದ್ದುಂಟು. ಸವಾರ ಬದುಕಿದ್ದು ಕುದುರೆಯ ಲೆಕ್ಕದಲ್ಲಿ. ಇದರ ಮೇಲೆ ಬೆಟ್ಟದ ಫಿರಂಗಿಗಳು ಸುಮ್ಮನಾಗಿದ್ದವು, ಬ್ರಿಟಿಷ್ ಫಿರಂಗಿ ದಳ ಮತ್ತು ಮೈಸೂರಿನ ಮೆಷಿನ್ ಗನ್ನುಗಳು ತುರ್ಕರ ತಲೆ ಎತ್ತಗೊಡುತ್ತಿರಲಿಲ್ಲ, ಹಿಂದೆ ತಮ್ಮ ಇಡೀ ಸೈನ್ಯವೇ ಕುಸಿದಿದೆ ಎಂದು ತುರ್ಕರಿಗೂ ಗೊತ್ತಿತ್ತು. 'ಬರೀ ಭರ್ಜಿ' ಅರೆಸತ್ಯ ಅಂದದ್ದು ಇದಕ್ಕೇ. ಬಂದೂಕು, ಮೆಷಿನ್ ಗನ್ನು, ಫಿರಂಗಿ, ಭರ್ಜಿ ಎಲ್ಲವನ್ನೂ ಹೊತ್ತುಹೊತ್ತಿಗೆ ಸರಿಯಾಗಿ ಹೊಂದಿಸಿ ಗೆದ್ದ ಯುದ್ಧ ಅದು. ಹಾಗೆ ಹೇಳಿದರೆ ಸವಾರರ ಹೆಗ್ಗಳಿಕೆ ಕಡಿಮೆಯಾಗುವುದಿಲ್ಲ, ನನ್ನ ಕೇಳಿದರೆ ಹೆಚ್ಚುತ್ತದೆ.

ಅಲ್ಲಿಗೂ ನಿಲ್ಲಲಿಲ್ಲ. ಅವರಿದ್ದ 5ನೇ ಕ್ಯಾವಲ್ರಿ ಡಿವಿಜನ್ 38 ದಿನಗಳಲ್ಲಿ 880 ಕಿಲೋಮೀಟರಿನಷ್ಟು ದೂರ ಸಾಗಿ ಅಲೆಪ್ಪೊ ಮುಟ್ಟಿತು. ಅಕ್ಟೋಬರ್ 26ರಂದು ಊರಿನ ಉತ್ತರಕ್ಕೆ ಹಾರಿತಾನ್ ಎಂಬಲ್ಲಿ ಹಿಂದೆ ಸರಿಯುತ್ತಿದ್ದ ತುರ್ಕರ ಮೇಲೆ ಮೈಸೂರು, ಜೋಧಪುರದವರು ಮತ್ತೆ ಏರಿಹೋದರು. ಎದುರಿಗಿದ್ದ ಸೈನ್ಯದ ಸೇನಾಪತಿ ಮುಸ್ತಫಾ ಕೆಮಾಲ್, ಮುಂದೆ ಅತಾತುರ್ಕ್ ಎನಿಸಿಕೊಂಡವನು. ತುರ್ಕರ ಸಂಖ್ಯೆ ಅಂದಾಜಿಗಿಂತ ಬಹಳ ಹೆಚ್ಚಿತ್ತು, ದಾಳಿ ಪೂರ್ತಿ ಫಲಿಸಲಿಲ್ಲ, ಹೈಫಾದಲ್ಲಿ ಸತ್ತದ್ದಕ್ಕಿಂತ ಹೆಚ್ಚು ಜನ ಇಲ್ಲಿ ಸತ್ತರು. ತಿಂಗಳು ಮುಗಿಯುವಷ್ಟರಲ್ಲಿ ತುರ್ಕಿಯೊಡನೆ ಕದನವಿರಾಮ. ಗೆದ್ದ ಹೈಫಾದ ಹೆಸರು ಉಳಿಯಿತು, ಹೆಚ್ಚು ರಕ್ತ ಹರಿದ ಹಾರಿತಾನ್ ಯಾರ ಬಾಯಲ್ಲೂ ಇಲ್ಲ.

ಜೋಧಪುರಕ್ಕೆ ಹೆಸರು, ಮೈಸೂರಿಗೆ?

ಹೈಫಾ ಅಂದರೆ ಇವತ್ತು ದಲ್ಪತ್ ಸಿಂಗ್. 2017ರಲ್ಲಿ ಪ್ರಧಾನಿ ಹೈಫಾಕ್ಕೆ ಹೋದಾಗ ಅನಾವರಣವಾದ ಫಲಕವೂ ಅವನ ಹೆಸರಿನದೇ. ಅದು ನ್ಯಾಯವೇ, ಅದರಲ್ಲಿ ತಕರಾರಿಲ್ಲ. ಆದರೆ ಮೈಸೂರಿನ ಹೆಸರು ಪಕ್ಕಕ್ಕೆ ಸರಿದದ್ದು ಯಾಕೆ ಅನ್ನುವುದಕ್ಕೆ ಕಾರಣಗಳಿವೆ. ಊರ ಬೀದಿಗೆ ನುಗ್ಗಿದವರನ್ನು ಊರೆಲ್ಲ ನೋಡಿತು, ಬೆಟ್ಟದ ಪೊದೆಗಳ ನಡುವೆ ಫಿರಂಗಿ ಹಿಡಿದವರನ್ನು ನೋಡಿದವರು ಫಿರಂಗಿಯವರು ಮಾತ್ರ. ಆಸರೆಯ ಗುಂಡು ಹಾರಿಸಿದವರ ಮೇಲೆ ಲಾವಣಿ ಕಟ್ಟುವ ರೂಢಿ ಎಲ್ಲೂ ಇಲ್ಲ. ಜೋಧಪುರದಲ್ಲಿ ವೀರಮರಣವನ್ನು ಮನೆತನದ ಆಸ್ತಿಯಾಗಿ ಕಾಪಾಡಿಕೊಂಡು ಬಂದ ಠಿಕಾಣೆಗಳು, ಅಂದರೆ ಜಹಗೀರುದಾರರ ಮನೆತನಗಳು, ಇದ್ದವು, ಸತ್ತವನು ಅಂಥ ಮನೆಯ ಸರದಾರ.

ಮೈಸೂರಿನಲ್ಲಿ ಆ ದಶಕಕ್ಕೆ ಬೇರೆಯೇ ನೆನಪುಗಳಿವೆ. 1911ರಿಂದ ಕನ್ನಂಬಾಡಿ, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ. ಶಾಲೆಯ ಪಾಠದಲ್ಲಿ ಮಾದರಿ ಸಂಸ್ಥಾನ ಅಂದರೆ ಕಟ್ಟೆ, ಕಾರ್ಖಾನೆ, ಕಾಲೇಜು. ಸವಾರ ಎಲ್ಲಿಯೂ ಇಲ್ಲ. ಅವರು ಗೆಲ್ಲುತ್ತಿದ್ದ ಅದೇ ವಾರಗಳಲ್ಲಿ ಇತ್ತ ಇನ್‌ಫ್ಲುಯೆಂಜಾ ಮನೆಮನೆಯಲ್ಲಿ ಹೆಣ ಕೆಡವುತ್ತಿತ್ತು. ಹೈಫಾದ ಸುದ್ದಿ ಕೇಳಿ ಹಿಗ್ಗುವ ಸ್ಥಿತಿಯಲ್ಲಿ ಯಾರಿದ್ದರು? ಮರುವರ್ಷ ಜಲಿಯನ್‌ವಾಲಾ ಬಾಗ್, ಅದರ ಹಿಂದೆಯೇ ಖಿಲಾಫತ್ ಚಳವಳಿ. ಬ್ರಿಟಿಷರಿಗಾಗಿ ಖಲೀಫನ ಸೈನ್ಯದ ಮೇಲೆ ಹೋರಾಡಿ ಬಂದೆ ಎಂದು ಅರಳೀಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುವ ಕಾಲ ಅದಾಗಿರಲಿಲ್ಲ.

ಸ್ಮಾರಕ ಆಗಲಿಲ್ಲವೇ ಅಂದರೆ ಆಯಿತು, ಬೆಂಗಳೂರಿನಲ್ಲಿ. ಲ್ಯಾನ್ಸರ್ಸ್ ನೆಲೆಯಿದ್ದ ಕಡೆ, ಜೆ.ಸಿ. ನಗರದ ಮುನಿರೆಡ್ಡಿ ಪಾಳ್ಯದ ಬಳಿ, ಈಜಿಪ್ಟ್ ಮತ್ತು ಪ್ಯಾಲೆಸ್ತೀನಿನಲ್ಲಿ ಸತ್ತವರ ನೆನಪಿಗೆ ಒಂದು ಕಂಬ ನಿಂತಿದೆ. ಇನ್ನೊಂದು ಕಂಬದ ಜೊತೆ ಅದನ್ನು ಹೋಲಿಸಿ ನೋಡಿದರೆ ಸ್ವಲ್ಪ ಕಸಿವಿಸಿಯಾಗುತ್ತದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಕೋಟೆಯಲ್ಲಿ, ಟಿಪ್ಪುವಿನ ವಿರುದ್ಧ 1799ರಲ್ಲಿ ಹೋರಾಡಿ ಸತ್ತ ಇಂಗ್ಲಿಷ್ ಪಡೆಯವರಿಗಾಗಿ ಮೈಸೂರು ಸರ್ಕಾರವೇ 1907ರಲ್ಲಿ ಎತ್ತರದ ಸ್ಮಾರಕ ಕಟ್ಟಿಸಿತು. ಅಲ್ಲೇ ಕಾವೇರಿ ದಂಡೆಯಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳಿವೆ, ಪ್ರವಾಸಿಗರು ಹುಡುಕಿಕೊಂಡು ಹೋಗುತ್ತಾರೆ. ಕೋಟೆಗೆ ಲಗ್ಗೆ ಹಾಕಿದವರ ನೆನಪನ್ನು ನಾವು ಕಾಪಾಡಿಕೊಂಡಷ್ಟು ಜತನವಾಗಿ ನಮ್ಮ ಸಂಬಳದ ಸವಾರರ ನೆನಪನ್ನು ಕಾಪಾಡಲಿಲ್ಲ.

ಹೊರದೇಶದ ಕಲ್ಲಿಗೂ ಒಳ್ಳೆಯ ಗತಿ ಬರಲಿಲ್ಲ. ಈಜಿಪ್ಟ್, ಪ್ಯಾಲೆಸ್ತೀನ್ ರಣರಂಗದಲ್ಲಿ ಸತ್ತು ಗೋರಿ ಇಲ್ಲದ ಭಾರತೀಯ ಸೈನಿಕರಿಗಾಗಿ ಸೂಯೆಜ್ ಕಾಲುವೆಯ ಬಾಯಲ್ಲಿ, ಪೋರ್ಟ್ ತೌಫಿಕ್‌ನಲ್ಲಿ, 1926ರಲ್ಲಿ ಸ್ಮಾರಕ ನಿಲ್ಲಿಸಿದರು. ಇಸ್ರೇಲ್ ಮತ್ತು ಈಜಿಪ್ಟ್ ನಡುವಿನ ಮುಂದಿನ ಯುದ್ಧಗಳಲ್ಲಿ ಅದು ಛಿದ್ರವಾಯಿತು. ಹೆಸರುಗಳನ್ನು ಆಮೇಲೆ ಕೈರೊದ ಹೀಲಿಯೊಪೊಲಿಸ್ ಯುದ್ಧ ಸ್ಮಶಾನದಲ್ಲಿ ಕಂಚಿನ ಫಲಕಗಳ ಮೇಲೆ ಮತ್ತೆ ಕೆತ್ತಿಸಬೇಕಾಯಿತು. ಆ ಫಲಕಗಳು ಅಲ್ಲಿಗೆ ಬಂದದ್ದು 1980ರಲ್ಲಿ.

ಪಡೆಯಾದರೂ ಉಳಿದಿದ್ದರೆ ಪ್ರತಿ ವರ್ಷ ತನ್ನ ಹಿರಿಯರಿಗೆ ಸಲಾಮು ಹೊಡೆಯುತ್ತಿತ್ತು. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಸೈನ್ಯಗಳು ಭಾರತೀಯ ಸೈನ್ಯದಲ್ಲಿ ಕರಗಿದವು. ಮೈಸೂರು ಲ್ಯಾನ್ಸರ್ಸ್ ಇತರ ಸಂಸ್ಥಾನಗಳ ಕುದುರೆ ಪಡೆಗಳ ಜೊತೆ ಸೇರಿ 1953ರಲ್ಲಿ 61ನೇ ಕ್ಯಾವಲ್ರಿ ಆಯಿತು. ಜೈಪುರದಲ್ಲಿ ನೆಲೆಸಿರುವ ಆ ರೆಜಿಮೆಂಟ್ ಹೈಫಾ ದಿನವನ್ನು ತಪ್ಪದೆ ಆಚರಿಸುತ್ತದೆ. ನಮ್ಮ ಊರಿನ ಸವಾರರ ತಿಥಿ ರಾಜಸ್ಥಾನದಲ್ಲಿ ನಡೆಯುತ್ತದೆ ಅನ್ನಿ. ಇಲ್ಲಿ ಉಳಿದದ್ದು ಪೊಲೀಸರ ಅಶ್ವಾರೋಹಿ ದಳ. ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಸವಾರ ನಾಗಾಲೋಟದಲ್ಲಿ ಬಂದು ನೆಲಕ್ಕೆ ನೆಟ್ಟ ಗೂಟವನ್ನು ಭರ್ಜಿಯಿಂದ ಎತ್ತಿಕೊಂಡು ಹೋಗುತ್ತಾನಲ್ಲ, ಅದು ಸರ್ಕಸ್ಸಲ್ಲ. ಭರ್ಜಿ ಹಿಡಿದ ಸೈನಿಕನ ದಿನನಿತ್ಯದ ಅಭ್ಯಾಸ.

ಪದಕ ಓದುವ ಬಗೆ

ಹಳೆಯ ಮೈಸೂರಿನ ಕೆಲವು ಮನೆಗಳ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಇನ್ನೂ ಪದಕಗಳು ಇದ್ದಾವು. 'ತಾತನ ಶೌರ್ಯ ಪದಕ' ಅಂತ ಮನೆಯವರು ಹೇಳುತ್ತಾರೆ. ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಯುದ್ಧಕ್ಕೆ ಹೋದವರಿಗೆಲ್ಲ ಕೊಟ್ಟ ಪದಕ ಬೇರೆ, ಶೌರ್ಯಕ್ಕೆಂದು ಆರಿಸಿ ಕೊಟ್ಟದ್ದು ಬೇರೆ.

ಹೋದವರಿಗೆಲ್ಲ ಸಿಕ್ಕಿದ್ದು ಸಾಮಾನ್ಯವಾಗಿ ಮೂರು. ಎರಡು ಕತ್ತಿ ಅಡ್ಡ ಹಾಯ್ದ ಕಂಚಿನ ನಕ್ಷತ್ರ, 1914-15 ಸ್ಟಾರ್. ಮೊದಲ ಹಂತದಲ್ಲೇ ರಣರಂಗಕ್ಕೆ ಹೋದವರಿಗೆ ಇದು, ಮೈಸೂರಿನವರು 1914ರಲ್ಲೇ ಹೋದದ್ದರಿಂದ ಸಿಕ್ಕಿತು. ಎರಡನೆಯದು ದುಂಡನೆಯ ಬ್ರಿಟಿಷ್ ವಾರ್ ಮೆಡಲ್, ಒಂದು ಬದಿ ಐದನೇ ಜಾರ್ಜ್, ಇನ್ನೊಂದು ಬದಿ ಬತ್ತಲೆ ಸವಾರನೊಬ್ಬ ಕುದುರೆಯ ಗೊರಸಿನಡಿ ಹದ್ದಿನ ಗುರಾಣಿಯನ್ನು ತುಳಿಯುವ ಚಿತ್ರ. ಮೂರನೆಯದು ರೆಕ್ಕೆಯ ದೇವತೆಯಿರುವ ಕಂಚಿನ ವಿಕ್ಟರಿ ಮೆಡಲ್, ಅದರ ರಿಬ್ಬನ್ನು ಕಾಮನಬಿಲ್ಲಿನ ಬಣ್ಣದ್ದು.

ಇವುಗಳಲ್ಲಿ ವಾರ್ ಮೆಡಲನ್ನು ಕೈಯಲ್ಲಿ ಹಿಡಿದು ನೋಡಿ. ಅದು ಬೆಳ್ಳಿಯದಾದರೆ ತಾತ ಸವಾರ ಅಥವಾ ಅಧಿಕಾರಿ. ಕಂಚಿನದಾದರೆ ಅವನು ಜೊತೆಗೆ ಹೋದ ಚಾಕರಿಯವನು, ಕುದುರೆ ನೋಡಿಕೊಳ್ಳುವ ಸಹೀಸನೋ, ನೀರು ಹೊರುವವನೋ, ಅಡುಗೆಯವನೋ. ಅದೇ ಮರಳು, ಅದೇ ಜ್ವರ, ಅದೇ ಶೆಲ್ಲು, ಆದರೆ ಲೋಹದಲ್ಲಿ ಮೇಲು ಕೀಳು. ನನಗೆ ಈ ಕಂಚಿನ ಪದಕಗಳೇ ಹೆಚ್ಚು ಅಪರೂಪದವು ಅನ್ನಿಸುತ್ತದೆ. ಬೆಳ್ಳಿಯದನ್ನು ಕಷ್ಟಕಾಲದಲ್ಲಿ ಚಿನಿವಾರನಿಗೆ ತೂಕಕ್ಕೆ ಹಾಕಿ ಕರಗಿಸಿದವರು ಬಹಳ. ಕಂಚಿನದು ಬೆಲೆ ಬಾರದೆ ಹಳೆ ಪಾತ್ರೆಯವನ ಮೂಟೆ ಸೇರಿತು.

ಶೌರ್ಯದ್ದು ಬೇರೆ ಸಾಲು. ಇಂಡಿಯನ್ ಆರ್ಡರ್ ಆಫ್ ಮೆರಿಟ್ 1837ರಲ್ಲಿ ಕಂಪನಿ ಹುಟ್ಟುಹಾಕಿದ್ದು, ವಿಕ್ಟೋರಿಯಾ ಕ್ರಾಸಿಗಿಂತ ಹಳೆಯದು. ಗಾಢ ನೀಲಿ ರಿಬ್ಬನ್, ಅಂಚು ಕೆಂಪು. ಭಾರತೀಯ ಸೈನಿಕರಿಗೆ ವಿಕ್ಟೋರಿಯಾ ಕ್ರಾಸ್ ತೆರೆದದ್ದು 1911ರಲ್ಲಷ್ಟೇ. ಅಲ್ಲಿಯವರೆಗೆ ಅವರ ಪಾಲಿನ ಅತ್ಯುನ್ನತ ಗೌರವ ಇದೇ ಆಗಿತ್ತು. ಅದರ ಕೆಳಗೆ 1907ರ ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್. ಬಣ್ಣ ಅದಲುಬದಲು, ಕೆಂಪು ರಿಬ್ಬನ್ನಿಗೆ ನೀಲಿ ಅಂಚು. ಹೆಸರಿನ ಮುಂದೆ 'ಬಹದ್ದೂರ್' ಅಥವಾ 'ಸರ್ದಾರ್ ಬಹದ್ದೂರ್' ಅಂತ ಇದ್ದರೆ ಅದು ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ ಇರಬಹುದು. ಅದು ಬಹುಕಾಲದ ನಿಷ್ಠೆಯ ಸೇವೆಗಾಗಿ ದೇಶೀ ಅಧಿಕಾರಿಗಳಿಗೆ ಸಿಗುತ್ತಿದ್ದದ್ದು, ಒಂದು ದಿನದ ಸಾಹಸಕ್ಕಲ್ಲ. ಇದರ ಜೊತೆ ಅರಮನೆಯ ಬಿರುದುಗಳ ಲೆಕ್ಕ ಬೇರೆ, ದಸರಾ ದರ್ಬಾರಿನಲ್ಲಿ ಕೊಡುತ್ತಿದ್ದ ರಾಜಸೇವಾಸಕ್ತದಂಥವು.

ಈ ಶೌರ್ಯ ಪದಕಗಳ ಮಾತು ಇವತ್ತು ಯಾಕೆ ಕೇಳುವುದಿಲ್ಲ? ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳನ್ನು 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ ಮಾಡಿದರು. ಗಣರಾಜ್ಯದ ವೀರರ ಪಟ್ಟಿ ಆ ದಿನದಿಂದಾಚೆಗೆ ಶುರುವಾಗುತ್ತದೆ. ಹೊಸ ದೇಶಕ್ಕೆ ಹೊಸ ಪಟ್ಟಿ ಬೇಕಾಗಿತ್ತು, ಅದರಲ್ಲಿ ತಪ್ಪು ಕಾಣುವಂಥದ್ದೇನಿಲ್ಲ. ಆದರೆ ಆ ಗೆರೆಯ ಹಿಂದೆ ಉಳಿದವನನ್ನು ಬ್ರಿಟನ್ ತನ್ನವನೆಂದು ಎಣಿಸಲು ಅವನು ಬ್ರಿಟಿಷನಲ್ಲ, ಭಾರತೀಯ ಸೈನ್ಯ ಎಣಿಸಲು ಅವನು ಆ ಸೈನ್ಯದವನಲ್ಲ, ಎಣಿಸಬೇಕಾದ ಮೈಸೂರು ಸಂಸ್ಥಾನವೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರದಲ್ಲಿ ಜಪಾನೀಯರಿಗೆ ಸೆರೆಸಿಕ್ಕ ಮೈಸೂರು ಇನ್‌ಫೆಂಟ್ರಿಯವರ ಕತೆಯೂ ಇದೇ ಗೆರೆಯ ಹಿಂದೆ ಬಿದ್ದಿದೆ. ಅದಕ್ಕೆ ಇನ್ನೊಂದು ಲೇಖನವೇ ಬೇಕು.

ಮನೆಯಲ್ಲಿ ಪದಕ ಇದ್ದರೆ ಹುಡುಕುವ ದಾರಿ ಇದೆ. ಈ ಪದಕಗಳಲ್ಲಿ ಸಾಮಾನ್ಯವಾಗಿ ಹೆಸರು ಇರುತ್ತದೆ. ದುಂಡನೆಯ ಪದಕದಲ್ಲಾದರೆ ಅಂಚಿನ ದಪ್ಪದ ಮೇಲೆ, ನಕ್ಷತ್ರದಲ್ಲಾದರೆ ಹಿಂಬದಿ. ಇಂಗ್ಲಿಷ್ ಅಕ್ಷರಗಳಲ್ಲಿ ಸಂಖ್ಯೆ, ಹುದ್ದೆ, ಹೆಸರು, ಪಡೆಯ ಹೆಸರು, ಇಷ್ಟೂ. ಹೆಸರಿನ ಕಾಗುಣಿತ ಅಂದಿನ ಗುಮಾಸ್ತನ ಕಿವಿಗೆ ಕೇಳಿದಂತೆ ಇರುತ್ತದೆ, ಅದಕ್ಕೆ ಬೇಜಾರಾಗದೆ ನಾಲ್ಕೈದು ರೀತಿ ಬರೆದು ಹುಡುಕಬೇಕು. ತಾತ ಅಲ್ಲೇ ಸತ್ತಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಪಡೆಯ ಹೆಸರು ಹಾಕಿ ನೋಡಬಹುದು, ದುಡ್ಡೇನೂ ಇಲ್ಲ. ಸಂಸ್ಥಾನದ ಕಡತಗಳು ರಾಜ್ಯ ಪತ್ರಾಗಾರ ಇಲಾಖೆಯಲ್ಲಿವೆ, ಅದರ ವಿಭಾಗೀಯ ಕಚೇರಿ ಮೈಸೂರಿನಲ್ಲೇ ಇದೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಕಡತಗಳ ಸೂಚಿ 'ಅಭಿಲೇಖ್ ಪಟಲ್' ಅನ್ನುವ ತಾಣದಲ್ಲಿ ಸಿಗುತ್ತದೆ. ಶೌರ್ಯ ಪದಕವಾದರೆ ಅಂದಿನ ಗೆಜೆಟ್ಟುಗಳನ್ನು ನೋಡಬೇಕು.

ಹುಡುಕುವ ಮುಂಚೆ ಇನ್ನೊಂದು ಮಾತು. ಪೆಟ್ಟಿಗೆಯಿಂದ ತೆಗೆದ ಕೂಡಲೇ ಕಪ್ಪಾಗಿದೆ ಅಂತ ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಬೇಡಿ. ಅಂಚಿನ ಅಕ್ಷರಗಳು ಮೊದಲೇ ಸವೆದಿರುತ್ತವೆ, ಉಜ್ಜಿದರೆ ಇನ್ನೂ ಸವೆದು ಓದಲಾಗದಂತಾಗುತ್ತವೆ. ಒಣಬಟ್ಟೆಯಲ್ಲಿ ಧೂಳು ಒರೆಸಿ, ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಂತೆ ಕಿಟಕಿಯ ಬಳಿ ಹಿಡಿದು, ಪದಕವನ್ನು ನಿಧಾನಕ್ಕೆ ತಿರುಗಿಸುತ್ತಾ ಮೊಬೈಲಿನಲ್ಲಿ ಐದಾರು ಫೋಟೊ ತೆಗೆಯಿರಿ. ಕಣ್ಣಿಗೆ ಕಾಣದ ಅಕ್ಷರ ಎಷ್ಟೋ ಸಲ ಫೋಟೊದಲ್ಲಿ ಎದ್ದು ಕಾಣುತ್ತದೆ.